ನವಗಾಂವ್‌ನ ಯೆಹೂದಿ ಸ್ಮಶಾನ: ನೋಡಿದವರು, ಕಲ್ಲು ಓದಬಲ್ಲವರು ಇದ್ದರೆ ಬನ್ನಿ

ಕಡಲತಡಿ

ಎಲ್ಲರಿಗೂ ನಮಸ್ಕಾರ. ಕೋಟೆ, ದೇವಸ್ಥಾನ, ವೀರಗಲ್ಲು ಅಂತ ಇಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಈ ಸಲ ಒಂದು ಸ್ಮಶಾನದ ವಿಷಯ ತಂದಿದ್ದೇನೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ, ಅಲಿಬಾಗ್ ಪಕ್ಕ, ಕಡಲಿಗೆ ಅಂಟಿಕೊಂಡಂತೆ ನವಗಾಂವ್ ಅನ್ನೋ ಹಳ್ಳಿ ಇದೆ. ಅಲ್ಲಿ ಕೊಂಕಣ ತೀರದ ಯೆಹೂದಿ ಪಂಗಡವಾದ ಬೆನೆ ಇಸ್ರೇಲಿಗಳ ಹಳೇ ಸ್ಮಶಾನವಿದೆ.

ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಗಾಂವ್ ಬೇರೆ, ನವಗಾಂವ್ ಬೇರೆ. ನಾಗಾಂವ್ ಅಲಿಬಾಗಿನ ದಕ್ಷಿಣಕ್ಕಿದೆ, ಬೀಚಿಗೆ ಹೆಸರುವಾಸಿ. ನಾವು ಮಾತಾಡುತ್ತಿರುವುದು ಉತ್ತರಕ್ಕೆ, ಥಳ್ ಮತ್ತು ಕಿಹಿಮ್ ಕಡೆಗಿರುವ ಊರು. ಮುಂಬೈಯಿಂದ ಬರುವವರು ಗೇಟ್‌ವೇ ಹತ್ತಿರ ಬೋಟ್ ಹತ್ತಿ ಮಾಂಡವಾದಲ್ಲಿ ಇಳಿದರೆ ಹತ್ತಿರ.

ಬೆನೆ ಇಸ್ರೇಲಿಗಳು ತಮ್ಮ ಮೂಲದ ಬಗ್ಗೆ ಹೇಳಿಕೊಂಡು ಬಂದ ಕಥೆ ಹೀಗಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಯೆಹೂದಿಗಳಿದ್ದ ಹಡಗೊಂದು ಕೊಂಕಣದ ತೀರಕ್ಕೆ ಬರುವಾಗ ಖಾಂದೇರಿ, ಉಂದೇರಿ ದ್ವೀಪಗಳ ಹತ್ತಿರ ಒಡೆದುಹೋಯಿತು. ಏಳು ಜನ ಗಂಡಸರು, ಏಳು ಜನ ಹೆಂಗಸರು ಮಾತ್ರ ಉಳಿದು ನವಗಾಂವ್ ದಡ ಸೇರಿದರು. ಸತ್ತವರ ಹೆಣಗಳು ಅಲೆಗೆ ಸಿಕ್ಕಿ ಅದೇ ದಡಕ್ಕೆ ಬಂದವು. ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಹೂತರು. ಆ ಎರಡು ದಿಬ್ಬಗಳನ್ನು ಇವತ್ತಿಗೂ ತೋರಿಸುತ್ತಾರೆ. ಈಗ ಅಲ್ಲಿ ಒಂದು ಸ್ಮಾರಕ ಸ್ತಂಭವೂ ಇದೆ. ಥಳ್ ದಡದಲ್ಲಿ ನಿಂತರೆ ಉಂದೇರಿ ಎದುರಿಗೇ ಕಾಣುತ್ತದೆ. ಹಾಗಾಗಿ ಕಥೆ ಕೇಳಿಕೊಂಡು ಸಮುದ್ರದ ಕಡೆ ನೋಡಿದರೆ ಹಡಗು ಎಲ್ಲಿ ಒಡೆಯಿತು ಅಂತ ಯಾರೂ ಬೊಟ್ಟು ಮಾಡಿ ತೋರಿಸಬೇಕಾಗಿಲ್ಲ.

ನನ್ನ ಕಾಳಜಿ ದಿಬ್ಬಗಳದ್ದಲ್ಲ. ಅವನ್ನು ಯಾರೂ ಮರೆಯುವುದಿಲ್ಲ, ಇಸ್ರೇಲಿನಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಸಂಕಟ ಆಗುವುದು ಅಕ್ಕಪಕ್ಕದ ಸಾಮಾನ್ಯ ಜನರ ಗೋರಿಗಳನ್ನು ನೋಡಿದಾಗ. ಕೆಲವು ಕಲ್ಲಿನ ಮೇಲೆ ಮೇಲ್ಗಡೆ ಹೀಬ್ರೂ, ಕೆಳಗಡೆ ಮರಾಠಿ. ಕೆಲವದರ ಮೇಲೆ ಬರಹವೇ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸೊಂಟದೆತ್ತರ ಹುಲ್ಲು. ಕಲ್ಲಿನ ಮೇಲೆ ಕಪ್ಪು ಪಾಚಿ ಕೂತು ಅಕ್ಷರ ಮುಚ್ಚಿಹೋಗಿವೆ. ನನಗೆ ಮರಾಠಿ ಸುಮಾರಾಗಿ ಬರುತ್ತದೆ, ಹೀಬ್ರೂ ಬರುವುದಿಲ್ಲ. ಇಲ್ಲಿ ಶಾಸನ ಓದುವವರಿದ್ದೀರಿ, ಮರಾಠಿ ಬಲ್ಲವರಿದ್ದೀರಿ. ಈ ಕಲ್ಲುಗಳನ್ನು ಓದಿ ಬರೆದಿಡುವುದು ಹೇಗೆ ಅಂತ ಒಟ್ಟಿಗೆ ಕೂತು ಯೋಚಿಸಬೇಕು ಅನ್ನೋದು ನನ್ನ ಆಸೆ.

ಹಳೆಗಲ್ಲು

ಒಳ್ಳೇ ವಿಷಯ ತಂದಿರಿ. ಆದರೆ ಕಥೆಯನ್ನೂ ಚರಿತ್ರೆಯನ್ನೂ ಬೇರೆ ಬೇರೆ ಇಡೋಣ.

ಹಡಗು ಒಡೆದ ಕಥೆಯನ್ನು ವಿವರವಾಗಿ ಬರೆದವರು ಹಾಯೀಮ್ ಸ್ಯಾಮುಯೆಲ್ ಕೆಹಿಮ್ಕರ್. ಅವರೂ ಬೆನೆ ಇಸ್ರೇಲಿಯೇ. 1897ರಲ್ಲಿ ಬರೆದು ಮುಗಿಸಿದ ಅವರ ಸಮುದಾಯದ ಇತಿಹಾಸ ಅಚ್ಚಾಗಿದ್ದು 1937ರಲ್ಲಿ, ತೆಲ್ ಅವೀವ್‌ನಲ್ಲಿ. ಹಡಗು ಬಂದದ್ದು ಕ್ರಿಸ್ತಪೂರ್ವ 175ರ ಸುಮಾರಿಗೆ ಅಂತ ಅವರು ಲೆಕ್ಕ ಹಾಕಿದರು. ಯುರೋಪಿನವರ ಬರಹಗಳಲ್ಲಿ ಈ ಜನರ ಸುದ್ದಿ ಬರುವುದು 1738ರಲ್ಲಿ, ಒಬ್ಬ ಮಿಷನರಿಯ ಪತ್ರದಲ್ಲಿ. ಅದಕ್ಕೂ ಹಿಂದಿನದೆಲ್ಲ ಬಾಯಿಂದ ಬಾಯಿಗೆ ಬಂದದ್ದು.

2016ರಲ್ಲಿ ವಂಶವಾಹಿ ಅಧ್ಯಯನ ಒಂದು ಬಂತು. ಬೆನೆ ಇಸ್ರೇಲಿಗಳಲ್ಲಿ ಪಶ್ಚಿಮ ಏಷ್ಯಾದ ಯೆಹೂದಿ ಮೂಲವೂ ಇದೆ, ಇಲ್ಲಿನ ಮೂಲವೂ ಇದೆ ಅಂತ ಅದು ಹೇಳಿತು. ಎರಡೂ ಬೆರೆತದ್ದು 19ರಿಂದ 33 ತಲೆಮಾರು ಹಿಂದೆ ಅಂತ ಅಂದಾಜು. ಅಂದರೆ ಸುಮಾರು 650ರಿಂದ 1050 ವರ್ಷ. ಅದು ಎರಡು ಸಾವಿರ ವರ್ಷದ ಮಾತಿಗೆ ಹೊಂದುವುದಿಲ್ಲ. ಆದರೆ ಬಂದವರು ಬಂದ ಕೂಡಲೇ ಬೆರೆತರು ಅಂತ ಏನೂ ಇಲ್ಲವಲ್ಲ, ಆದ್ದರಿಂದ ಕಥೆಯನ್ನು ಸುಳ್ಳು ಅನ್ನುವುದಕ್ಕೂ ಇದು ಸಾಲದು. ಅಲಿಬಾಗಿನ ದಕ್ಷಿಣಕ್ಕಿರುವ ಚೌಲ್ ಹಳೇ ಕಾಲದ ದೊಡ್ಡ ಬಂದರು. ಅರಬರ ಹಡಗುಗಳು ಅಲ್ಲಿಗೆ ಬಂದುಹೋಗುತ್ತಿದ್ದವು. ನಮ್ಮ ಮಂಗಳೂರಿನಲ್ಲೇ 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯೆಹೂದಿ ವ್ಯಾಪಾರಿ ಹದಿನೇಳು ವರ್ಷ ಇದ್ದ. 1132ರಿಂದ 1149. ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಈ ತೀರಕ್ಕೆ ಯೆಹೂದಿಗಳು ಬಂದದ್ದರಲ್ಲಿ ಅಚ್ಚರಿಯೇನಿಲ್ಲ. ಯಾವಾಗ ಬಂದರು ಅನ್ನುವುದಷ್ಟೇ ಪ್ರಶ್ನೆ.

ಗಡಿನಾಡ ಹುಡುಗಿ

ಹಳೆಗಲ್ಲು ಸರ್, ನೀವು ಹೇಳಿದ್ದು ಸರಿ. ಆದರೆ ದಿಬ್ಬದೊಳಗೆ ಏನಿದೆ ಅಂತ ಅಗೆದು ನೋಡುವ ಮಾತು ಯಾರೂ ಎತ್ತಬಾರದು. ಯೆಹೂದಿ ಧರ್ಮದಲ್ಲಿ ಒಮ್ಮೆ ಹೂತ ಮೇಲೆ ಆ ಜಾಗ ಸತ್ತವರದ್ದೇ. ಮೂಳೆ ಕದಲಿಸುವುದನ್ನು ದೊಡ್ಡ ಅಪಚಾರ ಅಂತ ತಿಳಿಯುತ್ತಾರೆ.

ನಾನು ನಿಪ್ಪಾಣಿ ಕಡೆಯವಳು. ಮನೆಯಲ್ಲಿ ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ. ಮರಾಠಿ ಭಾಗ ಓದಿಕೊಡುವ ಕೆಲಸ ನನಗಿರಲಿ. ಕಡಲತಡಿ ಅಣ್ಣಾ, ಹೆಸರುಗಳನ್ನು ಸರಿಯಾಗಿ ಬರೆದುಕೊಳ್ಳಿ. ಬೆನೆ ಇಸ್ರೇಲಿಗಳ ಅಡ್ಡಹೆಸರೇ ಅರ್ಧ ಚರಿತ್ರೆ ಹೇಳುತ್ತದೆ. ಕಿಹಿಮ್‌ನವರು ಕೆಹಿಮ್ಕರ್, ಪೇಣ್‌ನವರು ಪೇಣ್‌ಕರ್, ರೋಹೆಯವರು ರೋಹೇಕರ್, ನವಗಾಂವ್‌ನವರು ನವಗಾಂವ್‌ಕರ್. ನಮ್ಮ ಕಾರವಾರ, ಅಂಕೋಲಾದ ಕಡೆಯೂ ಇದೇ ಪದ್ಧತಿ ಇದೆ ಅಲ್ವಾ. ಒಂದು ಸ್ಮಶಾನದ ಅಡ್ಡಹೆಸರೆಲ್ಲ ಪಟ್ಟಿ ಮಾಡಿದರೆ ಯಾವ್ಯಾವ ಊರಿನವರು ಅಲ್ಲಿಗೆ ತಮ್ಮವರನ್ನು ತಂದು ಮಣ್ಣು ಮಾಡುತ್ತಿದ್ದರು ಅಂತ ಗೊತ್ತಾಗುತ್ತದೆ. ಈಗ ಆ ಊರುಗಳಲ್ಲಿ ಬೆನೆ ಇಸ್ರೇಲಿ ಮನೆಗಳು ತೀರಾ ಕಡಿಮೆ. ಆದ್ದರಿಂದ ಈ ಪಟ್ಟಿಗೆ ಬೆಲೆ ಜಾಸ್ತಿ.

ಅಲ್ಲಿನ ಹಳ್ಳಿಗಳಲ್ಲಿ ಇವರು ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೆ ಊರಿನವರು ಇಟ್ಟ ಹೆಸರು ‘ಶನಿವಾರ ತೇಲಿ’, ತೇಲಿ ಅಂದರೆ ಗಾಣಿಗ. ಧರ್ಮಗ್ರಂಥ ಕಡಲುಪಾಲಾಗಿತ್ತಂತೆ, ಪ್ರಾರ್ಥನೆಗಳು ಮರೆತುಹೋಗಿದ್ದವು. ಆದರೂ ಶನಿವಾರದ ರಜೆ, ಗಂಡುಮಗುವಿಗೆ ಸುನ್ನತಿ, ಇಂಥದ್ದು ತಿನ್ನಬಹುದು ಇಂಥದ್ದು ತಿನ್ನಬಾರದು ಅನ್ನೋ ನಿಯಮ, ‘ಶೆಮಾ’ ಅನ್ನುವ ಒಂದು ಪ್ರಾರ್ಥನೆ, ಇಷ್ಟನ್ನು ಬಿಡಲಿಲ್ಲ. ಇವರು ಯೆಹೂದಿಗಳು ಅಂತ ಗುರುತಿಸಿದ್ದು ಹೊರಗಿನಿಂದ ಬಂದ ದಾವೀದ್ ರಹಾಬಿ ಅನ್ನುವ ಯೆಹೂದಿ ಅಂತ ಅವರ ಕಥೆ. ಅವನು ಮೀನು ತರಿಸಿ ಹೆಂಗಸರ ಮುಂದಿಟ್ಟನಂತೆ. ಅವರು ಯೆಹೂದಿ ನಿಯಮದಂತೆ ಈಜುರೆಕ್ಕೆ, ಹುರುಪೆ ಎರಡೂ ಇರುವ ಮೀನನ್ನು ಮಾತ್ರ ಆರಿಸಿ ಉಳಿದದ್ದನ್ನು ಪಕ್ಕಕ್ಕೆ ಸರಿಸಿದರಂತೆ. ಅಡುಗೆಮನೆಯಲ್ಲಿ ಉಳಿದ ಧರ್ಮ ಅದು.

ಪಟ್ಟಣದ ಹೈದ

ನಮ್ಮ ಶ್ರೀರಂಗಪಟ್ಟಣಕ್ಕೂ ಇವರಿಗೂ ನಂಟಿದೆ, ಯಾರೂ ಹೇಳಲಿಲ್ಲವಲ್ಲಾ!

ಎರಡನೇ ಮೈಸೂರು ಯುದ್ಧದಲ್ಲಿ ಕಂಪನಿಯ ಬೊಂಬಾಯಿ ಸೈನ್ಯದಲ್ಲಿ ಬೆನೆ ಇಸ್ರೇಲಿಗಳು ಇದ್ದರು. ಅವರಲ್ಲಿ ಸ್ಯಾಮುಯೆಲ್ ಎಜೆಕಿಯಲ್ ದಿವೇಕರ್ ಅನ್ನುವ ಅಧಿಕಾರಿ ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕರು. ಮರಾಠಿಯಲ್ಲಿ ಅವರನ್ನು ಸಾಮಾಜಿ ಹಸಾಜಿ ಅಂತಲೂ ಕರೆಯುತ್ತಾರೆ. ಪಟ್ಟಣದಲ್ಲಿ ಸೆರೆಯಲ್ಲಿದ್ದಾಗ ‘ನೀನು ಯಾವ ಜನ’ ಅಂತ ಕೇಳಿದರು. ‘ಬೆನೆ ಇಸ್ರೇಲ್’ ಅಂದರು. ಟಿಪ್ಪುವಿನ ತಾಯಿ ‘ಕುರಾನಿನಲ್ಲಿ ಬರುವ ಬನಿ ಇಸ್ರಾಯೀಲ್ ಇವರೇನಾ, ನಾನು ನೋಡೇ ಇಲ್ಲ’ ಅಂದು ಜೀವ ಉಳಿಸಿದರು ಅಂತ ಅವರ ಸಮುದಾಯದಲ್ಲಿ ಹೇಳುತ್ತಾರೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿಸಿದರು. ಬೆನೆ ಇಸ್ರೇಲಿಗಳ ಮೊದಲ ಸಿನಗಾಗ್ ಅದೇ. ‘ಕರುಣೆಯ ಬಾಗಿಲು’ ಅಂತ ಅದರ ಹೆಸರು. ಅಲ್ಲಿನ ಸ್ಯಾಮುಯೆಲ್ ಸ್ಟ್ರೀಟಿಗೂ ಅವರದೇ ಹೆಸರು.

ನಾವು ಚಿಕ್ಕವರಿದ್ದಾಗ ಕೋಟೆಯ ಸೆರೆಮನೆಗಳಲ್ಲಿ ಕಣ್ಣಾಮುಚ್ಚಾಲೆ ಆಡಿದವರು. ಅಲ್ಲೇ ಎಲ್ಲೋ ಇದ್ದವನೊಬ್ಬ ಹೋಗಿ ಒಂದು ಸಮುದಾಯಕ್ಕೆ ಮೊದಲ ಪ್ರಾರ್ಥನಾ ಮಂದಿರ ಕಟ್ಟಿಸಿದ ಅಂತ ಗೊತ್ತಾದಾಗ ಮೈ ಜುಂ ಅಂದಿತ್ತು.

ಹಳೆಗಲ್ಲು

ಹೈದನಿಗೆ ಶಭಾಷ್. ಸೆರೆಸಿಕ್ಕಿದ್ದು, ಬಿಡುಗಡೆಯಾದದ್ದು, 1796ರಲ್ಲಿ ಸಿನಗಾಗ್ ಕಟ್ಟಿಸಿದ್ದು, ಇಷ್ಟು ಗಟ್ಟಿ. ಟಿಪ್ಪುವಿನ ತಾಯಿಯ ಮಾತು ಸಮುದಾಯದ ನೆನಪು. ಎರಡಕ್ಕೂ ಜಾಗ ಇದೆ, ಬರೆಯುವಾಗ ಯಾವುದು ಯಾವುದು ಅಂತ ಹೇಳಿದರೆ ಆಯಿತು.

ಇದಕ್ಕೂ ನವಗಾಂವ್ ಸ್ಮಶಾನಕ್ಕೂ ಒಂದು ಸಂಬಂಧ ಇದೆ, ಗಮನಿಸಿ. ಊರೂರಿಗೆ ಸಿನಗಾಗ್ ಬಂದದ್ದು ಅದಾದ ಮೇಲೆ, 19ನೇ ಶತಮಾನದಲ್ಲಿ. ಅಲಿಬಾಗಿನ ‘ಮಾಗೆನ್ ಅಬೋತ್’ 1848ರದ್ದು. ರೇವದಂಡಾ, ಪನ್ವೇಲ್, ಪೇಣ್ ಎಲ್ಲ ಹೆಚ್ಚುಕಡಿಮೆ ಅದೇ ಕಾಲದವು. ಹೀಬ್ರೂ ಕಲಿಯುವುದು, ಕಲ್ಲಿನ ಮೇಲೆ ಹೀಬ್ರೂ ಕೆತ್ತಿಸುವುದು ಕೂಡ ಆಗಲೇ ಬಲವಾಗಿರಬೇಕು ಅಂತ ನನ್ನ ಊಹೆ. ಹಾಗಿದ್ದರೆ ಬರಹವಿಲ್ಲದ ಕಲ್ಲುಗಳಲ್ಲಿ ಕೆಲವಾದರೂ ಅದಕ್ಕೂ ಹಿಂದಿನವು. ಆದ್ದರಿಂದ ಬರೀ ಅಕ್ಷರ ಇರುವ ಕಲ್ಲಿನ ಫೋಟೋ ತೆಗೆದು ವಾಪಸ್ ಬರಬೇಡಿ. ಬರಹ ಇಲ್ಲದ ಕಲ್ಲಿಗೂ ಒಂದೊಂದು ನಂಬರ್ ಕೊಟ್ಟು, ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಿ.

ದೂರದೂರು

ನಾನು ಉಡುಪಿ ಹತ್ತಿರದವಳು, ಈಗ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯಿಂದ ಈ ಕೆಲಸಕ್ಕೆ ಬಂದವರು ಇಲ್ಲಿ ಬಹಳ ಜನ ಇದ್ದಾರೆ. ಈ ಚರ್ಚೆ ಓದಿ ಬರೆಯದೆ ಇರಲಾಗಲಿಲ್ಲ.

ನಾನು ಹಿಂದೆ ನೋಡಿಕೊಳ್ಳುತ್ತಿದ್ದ ಅಜ್ಜಿ ಬೆನೆ ಇಸ್ರೇಲಿ. ಹುಟ್ಟಿದ್ದು ಅಲಿಬಾಗ್ ಕಡೆಯ ಒಂದು ಹಳ್ಳಿಯಲ್ಲಿ, ಚಿಕ್ಕ ವಯಸ್ಸಿಗೇ ಇಲ್ಲಿಗೆ ಬಂದವರು. ಮನೆಯಲ್ಲಿ ಮಕ್ಕಳೆಲ್ಲ ಹೀಬ್ರೂ. ಅಜ್ಜಿಗೆ ಕೊನೆಕೊನೆಗೆ ಹೀಬ್ರೂ ಮರೆಯುತ್ತಾ ಬಂತು, ಬಾಯಲ್ಲಿ ಬರೀ ಮರಾಠಿ. ನನಗೆ ಕೊಂಕಣಿ ಬರುತ್ತಿದ್ದರಿಂದ ನಾವಿಬ್ಬರೂ ಹೇಗೋ ಸುಧಾರಿಸಿದೆವು. ಮಕ್ಕಳಿಗೆ ಅವರು ಹೇಳಿದ್ದನ್ನು ನಾನು ಮುರುಕು ಹೀಬ್ರೂನಲ್ಲಿ ಹೇಳುತ್ತಿದ್ದೆ.

ಅವರು ಪದೇ ಪದೇ ಕೇಳುತ್ತಿದ್ದುದು ತಮ್ಮ ಅಜ್ಜನ ಗೋರಿ. ‘ಮಳೆಗೆ ಏನಾಗಿದೆಯೋ, ದನ ಬಂದು ಮೇಯ್ತಾ ಇರುತ್ತವೋ ಏನೋ’ ಅಂತ. ಅಲ್ಲಿಂದ ಬಂದು ಎಷ್ಟು ವರ್ಷವಾದರೂ ಅವರ ಲೆಕ್ಕದಲ್ಲಿ ಆ ಗೋರಿಗೆ ಹೊಣೆ ಅವರೇ. ಇಲ್ಲಿ ಗೋರಿಗೆ ಹೋದವರು ಹೂ ಇಡುವುದು ಕಡಿಮೆ. ಒಂದು ಸಣ್ಣ ಕಲ್ಲು ಹೆಕ್ಕಿ ಗೋರಿಯ ಮೇಲೆ ಇಡುತ್ತಾರೆ, ಬಂದುಹೋಗಿದ್ದಕ್ಕೆ ಗುರುತಾಗಿ. ವಾಪಸ್ ಬರುವಾಗ ಕೈ ತೊಳೆಯುತ್ತಾರೆ. ಅಜ್ಜಿ ಅಂದಿದ್ದರು, ನಮ್ಮ ಹಳ್ಳಿಯಲ್ಲಿ ಕಲ್ಲಿನ ಜೊತೆ ಸಬ್ಜಾ ಕಡ್ಡಿಯನ್ನೂ ಇಡುತ್ತಿದ್ದೆವು ಅಂತ. ಅದು ನಮ್ಮ ಕಾಮಕಸ್ತೂರಿ.

ಅವರು ತೀರಿಕೊಂಡರು. ನೀವು ಹೆಸರಿನ ಪಟ್ಟಿ ಮಾಡಿದರೆ ಇಲ್ಲಿ ಅದನ್ನು ಹುಡುಕುವವರು ಇದ್ದಾರೆ ಅಂತ ತಿಳಿಸಲಿಕ್ಕೆ ಇಷ್ಟು ಬರೆದೆ. ದಿಮೋನಾ, ಅಶ್ದೋದ್, ಬೇರ್‌ಶೆವಾ, ಲೋದ್, ರಮ್ಲೆ, ಈ ಊರುಗಳಲ್ಲಿ ಬೆನೆ ಇಸ್ರೇಲಿಗಳು ತುಂಬಾ ಜನ. ಅಜ್ಜನ ಹೆಸರು ಗೊತ್ತು, ಊರು ಗೊತ್ತು, ಗೋರಿ ಎಲ್ಲಿದೆ ಗೊತ್ತಿಲ್ಲ ಅನ್ನುವವರು ಅವರಲ್ಲಿ ಇದ್ದೇ ಇದ್ದಾರೆ.

ಕಡಲತಡಿ

ಅಕ್ಕಾ, ನೀವು ಬರೆದದ್ದನ್ನು ಓದಿ ಗಂಟಲು ಕಟ್ಟಿತು. ನಾನು ಹೇಳಬೇಕು ಅಂದುಕೊಂಡದ್ದನ್ನು ನಿಮ್ಮ ಅಜ್ಜಿ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಾರೆ. ಹೊಣೆ.

ಸತ್ತವರ ವಿಷಯ ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಯೋಮ್ ಕಿಪ್ಪುರ್ ಉಪವಾಸದ ಹಬ್ಬವನ್ನು ಬೆನೆ ಇಸ್ರೇಲಿಗಳು ಮರಾಠಿಯಲ್ಲಿ ‘ದಾರ್ಫಾಳ್ಣಿಚಾ ಸಣ್’ ಅನ್ನುತ್ತಿದ್ದರು, ಬಾಗಿಲು ಮುಚ್ಚುವ ಹಬ್ಬ. ಅವತ್ತು ಮನೆ ಬಾಗಿಲು ಹಾಕಿಕೊಂಡು ಹೊರಗಿನವರ ಜೊತೆ ಬೆರೆಯದೆ ಇರುತ್ತಿದ್ದರು. ಉಪವಾಸದ ಹಿಂದಿನ ದಿನ ಹಿರಿಯರ ಆತ್ಮಗಳು ಮನೆಗೆ ಬರುತ್ತವೆ, ಉಪವಾಸದ ಮರುದಿನ ‘ಶಿಳಾ ಸಣ್’ ಅನ್ನುವ ಹಬ್ಬದಂದು ಹೊರಡುತ್ತವೆ ಅಂತ ನಂಬಿಕೆ. ಆ ದಿನ ದಾನ ಕೊಡುತ್ತಿದ್ದರು, ನೆಂಟರಿಷ್ಟರ ಮನೆಗೆ ಹೋಗುತ್ತಿದ್ದರು. ಇದು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮ ಪಿತೃಪಕ್ಷ, ಮಹಾಲಯ ಅಮಾವಾಸ್ಯೆಯ ಆಸುಪಾಸು. ಅಕ್ಕಪಕ್ಕದ ಮನೆಗಳಲ್ಲಿ ಇವರೂ ಅವರೂ ಒಂದೇ ತಿಂಗಳಲ್ಲಿ ಹಿರಿಯರಿಗಾಗಿ ಕಾಯುತ್ತಿದ್ದರು.

ಹರಕೆಗೆ ಮಾಡುವ ‘ಮಲೀದಾ’ ಕೂಡ ನಮಗೆ ಹೊಸದಲ್ಲ. ಅವಲಕ್ಕಿ ನೆನೆಸಿ, ತೆಂಗಿನತುರಿ, ಸಿಹಿ ಬೆರೆಸಿ, ಹಣ್ಣುಗಳ ಜೊತೆ ತಟ್ಟೆಯಲ್ಲಿಟ್ಟು ಪ್ರವಾದಿ ಏಲೀಯನ ಹೆಸರಲ್ಲಿ ಪ್ರಾರ್ಥಿಸುತ್ತಾರೆ. ಅಲಿಬಾಗ್ ಹತ್ತಿರದ ಖಂಡಾಲಾ ಅನ್ನುವ ಹಳ್ಳಿಯಲ್ಲಿ ಏಲೀಯನ ರಥ ಇಳಿದ ಗುರುತು ಅಂತ ಒಂದು ಬಂಡೆ ತೋರಿಸುತ್ತಾರೆ. ಇದು ಪುಣೆ ದಾರಿಯ ಖಂಡಾಲಾ ಅಲ್ಲ. ನವಗಾಂವ್‌ಗೆ ಹೋದವರು ಅಲ್ಲಿಗೂ ಹೋಗುತ್ತಾರೆ.

ಬಯಲುಸೀಮೆ

ತಪ್ಪು ತಿಳಿಯಬೇಡಿ, ಒಂದು ಮಾತು ಕೇಳಲೇಬೇಕು. ನಮ್ಮ ಹಳ್ಳಿ ಕೆರೆ ಏರಿ ಮೇಲೆ ವೀರಗಲ್ಲು ಬಿದ್ದಿವೆ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಜೈನರ ನಿಷಿಧಿಗಲ್ಲನ್ನು ಮೆಟ್ಟಿಲು ಮಾಡಿಕೊಂಡಿದ್ದಾರೆ. ಇದನ್ನೆಲ್ಲ ಬಿಟ್ಟು ಇನ್ನೊಂದು ರಾಜ್ಯದ, ಇನ್ನೊಂದು ಧರ್ಮದ ಸ್ಮಶಾನಕ್ಕೆ ನಾವ್ಯಾಕೆ ಹೊರಡಬೇಕು? ಅವರ ಸಮುದಾಯ ಇದೆ, ಸರ್ಕಾರ ಇದೆ.

ಗಡಿನಾಡ ಹುಡುಗಿ

ಕೇಳಿದ್ದು ನ್ಯಾಯವಾಗಿಯೇ ಇದೆ. ವೀರಗಲ್ಲಿಗೆ ಊರು ಇದೆ. ಇವತ್ತಲ್ಲ ನಾಳೆ ಆ ಊರಿನ ಒಬ್ಬ ಮೇಷ್ಟ್ರು, ಒಬ್ಬ ಹುಡುಗ ಎದ್ದು ‘ಇದು ನಮ್ಮದು’ ಅಂತಾನೆ. ಇಲ್ಲಿ ಹಾಗೆ ಅನ್ನಬೇಕಾದವರು 1948ರ ನಂತರ ಇಸ್ರೇಲಿಗೆ ಹೊರಟುಹೋದರು. ದೇಶದಲ್ಲಿ ಈಗ ಎಲ್ಲ ಪಂಗಡದ ಯೆಹೂದಿಗಳೂ ಸೇರಿ ನಾಲ್ಕೈದು ಸಾವಿರ ಅಂತಾರೆ, ಅವರಲ್ಲೂ ಹೆಚ್ಚಿನವರು ಮುಂಬೈ, ಠಾಣೆಯಲ್ಲಿ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು, ಒಳ್ಳೇದಾಯಿತು. ಆದರೆ ಹಳ್ಳಿಹಳ್ಳಿಯ ಸ್ಮಶಾನಕ್ಕೆಲ್ಲ ಆ ಅಷ್ಟೇ ಜನ ಓಡಾಡಲು ಆಗುತ್ತದೆಯೇ?

ಹೋದ ಕಡೆಯೂ ಅವರಿಗೆ ಸುಲಭ ಇರಲಿಲ್ಲ. 1960ರ ದಶಕದಲ್ಲಿ ಇಸ್ರೇಲಿನ ಧರ್ಮಗುರುಗಳು ಇವರ ಮದುವೆಗೆ ತಕರಾರು ತೆಗೆದರು. ವಂಶ ವಿಚಾರಿಸಬೇಕು, ತಲೆಮಾರು ಹಿಂದಕ್ಕೆ ಹೋಗಿ ನೋಡಬೇಕು ಅಂದರು. ಇವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ 1964ರಲ್ಲಿ ಇವರು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದಿಗಳೇ ಅಂತ ಅಲ್ಲಿನ ಸರ್ಕಾರ ಒಪ್ಪಿತು. ‘ನೀನು ಯಾರ ಮಗ, ನಿನ್ನ ಅಜ್ಜ ಯಾರು’ ಅಂತ ಕೇಳಿಸಿಕೊಂಡ ಜನಕ್ಕೆ ಅಜ್ಜನ ಹೆಸರಿರುವ ಒಂದು ಕಲ್ಲು ಎಷ್ಟು ದೊಡ್ಡದು ಅಂತ ಯೋಚಿಸಿ.

ಪೂರಂ ಊರಿಂದ

ತ್ರಿಶ್ಶೂರಿನಲ್ಲಿ ಕೆಲಸದಲ್ಲಿರುವ ಕನ್ನಡಿಗ ನಾನು. ಬಯಲುಸೀಮೆಯವರ ಪ್ರಶ್ನೆಗೆ ಈ ಜಿಲ್ಲೆಯ ಮಾಳ ಅನ್ನುವ ಊರನ್ನು ತೋರಿಸುತ್ತೇನೆ.

ಮಾಳದಲ್ಲಿ ಇದ್ದವರು ಕೊಚ್ಚಿ ಯೆಹೂದಿಗಳು. ಬೆನೆ ಇಸ್ರೇಲಿಗಳೇ ಬೇರೆ, ಇವರೇ ಬೇರೆ, ಮಾತು ಮಲಯಾಳಂ. ಇಸ್ರೇಲಿಗೆ ಹೊರಡುವ ಮುಂಚೆ 1955ರಲ್ಲಿ ಸಿನಗಾಗನ್ನು ಪಂಚಾಯತಿಗೆ ಒಪ್ಪಿಸಿದರು. ಅದನ್ನು ಪ್ರಾರ್ಥನಾಲಯವಾಗಿ ಬಳಸಬಾರದು, ಕಸಾಯಿಖಾನೆ ಮಾಡಬಾರದು, ಸ್ಮಶಾನವನ್ನು ಹಾಗೇ ಉಳಿಸಬೇಕು ಅಂತ ಕರಾರು. ಸ್ಮಶಾನ ಸುಮಾರು ನಾಲ್ಕು ಎಕರೆ. ಇವತ್ತು ಅಲ್ಲಿ ಕಣ್ಣಿಗೆ ಕಾಣುವುದು ಮೂರು ಗೋರಿ. ಬರೀ ಮೂರು! ಮುಂದೆ ಆ ಜಾಗದಲ್ಲಿ ಕ್ರೀಡಾಂಗಣದ ಕೆಲಸ ಶುರುವಾದಾಗ ಅಡ್ಡ ನಿಂತವರು ಯೆಹೂದಿಗಳಲ್ಲ, ಅವರು ಅಲ್ಲಿ ಇರಲೇ ಇಲ್ಲ. ಊರಿನ ಬೇರೆ ಧರ್ಮದ ಜನರೇ ಪರಂಪರೆ ಉಳಿಸುವ ಸಮಿತಿ ಮಾಡಿಕೊಂಡು ಹೋರಾಡಿದರು. ಮೊದಲೇ ಒಂದು ಪಟ್ಟಿ, ಒಂದು ನಕ್ಷೆ ಇದ್ದಿದ್ದರೆ ಅವರ ಕೈ ಎಷ್ಟು ಗಟ್ಟಿಯಾಗುತ್ತಿತ್ತು! ಯಾರ ಗೋರಿ ಎಲ್ಲಿತ್ತು ಅಂತ ತೋರಿಸಲು ಈಗ ಕಲ್ಲುಗಳೇ ಇಲ್ಲ.

ಇಲ್ಲಿಂದ ದೂರವಲ್ಲ ಚೇಂದಮಂಗಲಂ. ಕೈಮಗ್ಗಕ್ಕೆ ಹೆಸರಾದ ಹಳ್ಳಿ. ಅಲ್ಲಿನ ಸಿನಗಾಗ್ ದುರಸ್ತಿಯಾಗಿ ಈಗ ಮ್ಯೂಸಿಯಂ ಆಗಿದೆ. ಬಾಗಿಲ ಮುಂದೆ ಒಂದು ಗೋರಿಕಲ್ಲು ನಿಲ್ಲಿಸಿದ್ದಾರೆ. ‘ಇಸ್ರೇಲನ ಮಗಳು ಸಾರಾ’ ಎಂಬವಳದ್ದು, 1269ನೇ ಇಸವಿಯದ್ದು. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಗೋರಿಕಲ್ಲು ಇದೇ ಅನ್ನುತ್ತಾರೆ. ಅವಳು ರಾಣಿಯಲ್ಲ, ದೊಡ್ಡ ದಾನಿ ಅಂತಲೂ ಯಾರೂ ಹೇಳಿಲ್ಲ. ಕಲ್ಲು ಉಳಿಯಿತು, ಓದುವವರು ಸಿಕ್ಕರು, ಹೆಸರು ಉಳಿಯಿತು.

ಬಯಲುಸೀಮೆ

ಮಾಳದ ವಿಷಯ ಗೊತ್ತಿರಲಿಲ್ಲ. ನಾಲ್ಕು ಎಕರೆಗೆ ಮೂರು ಗೋರಿ ಅಂದರೆ ಹೊಟ್ಟೆ ಉರಿಯುತ್ತದೆ. ನನಗೆ ನಕ್ಷೆ ಮಾಡುವ ಕೆಲಸ ಗೊತ್ತು, ಸರ್ವೆ ಮಾಡುವವನು ನಾನು. ಫೋನಿನ ಜಿಪಿಎಸ್ ನಂಬಬೇಡಿ, ಗೋರಿಗೂ ಗೋರಿಗೂ ನಡುವೆ ಇರುವ ದೂರಕ್ಕಿಂತ ಅದರ ತಪ್ಪೇ ಜಾಸ್ತಿ ಇರುತ್ತದೆ. ಸ್ತಂಭವನ್ನು ಒಂದು ಗುರುತು ಮಾಡಿಕೊಳ್ಳಿ, ಕಾಂಪೌಂಡಿನ ಒಂದು ಮೂಲೆಯನ್ನು ಇನ್ನೊಂದು ಗುರುತು. ಪ್ರತಿ ಕಲ್ಲಿಗೂ ಈ ಎರಡು ಕಡೆಯಿಂದ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಎರಡು ಗುರುತು ಕೂಡಿಸುವ ಗೆರೆಯ ಯಾವ ಬದಿಗೆ ಕಲ್ಲಿದೆ ಅಂತಲೂ ಬರೆದುಕೊಳ್ಳಿ. ಮನೆಗೆ ಬಂದು ಕಾಗದದ ಮೇಲೆ ಎರಡು ಕಂಸ ಎಳೆದರೆ ಅವು ಎರಡು ಕಡೆ ಕೂಡುತ್ತವೆ, ಆ ಬದಿಯಲ್ಲಿ ಕೂಡಿದ್ದೇ ಕಲ್ಲಿನ ಬಿಂದು. ಬೇಕಾದರೆ ನಾನೇ ಬರುತ್ತೇನೆ.

ಹಳೆಗಲ್ಲು

ಬಯಲುಸೀಮೆಯವರೇ, ಬನ್ನಿ ಬನ್ನಿ.

ಹೀಬ್ರೂ ಓದುವುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಪೂರ್ತಿ ಭಾಷೆ ಬರದಿದ್ದರೂ ಗೋರಿಕಲ್ಲಿನ ಮುಖ್ಯ ಸಂಗತಿ ಹಿಡಿಯಬಹುದು. ಓದುವುದು ಬಲದಿಂದ ಎಡಕ್ಕೆ. ಮೇಲೆ ಸಾಮಾನ್ಯವಾಗಿ ಎರಡೇ ಅಕ್ಷರ, ಪೇ ಮತ್ತು ನೂನ್. ‘ಇಲ್ಲಿ ಹೂಳಿದೆ’ ಅನ್ನುವುದರ ಗಿಡ್ಡ ರೂಪ. ಕೆಳಗೆ ಐದು ಅಕ್ಷರ, ತಾವ್, ನೂನ್, ತ್ಸಾದಿ, ಬೇತ್, ಹೇ. ‘ಇವರ ಜೀವ ಬದುಕಿನ ಗಂಟಿನಲ್ಲಿ ಸೇರಿರಲಿ’ ಅನ್ನುವ ಪ್ರಾರ್ಥನೆಯ ಮೊದಲಕ್ಷರಗಳು. ಇವೆರಡರ ಮಧ್ಯೆ ಹೆಸರು, ದಿನ. ‘ಬೆನ್’ ಅಂದರೆ ಮಗ, ‘ಬತ್’ ಅಂದರೆ ಮಗಳು. ಇದು ಸಿಕ್ಕರೆ ಅದರ ಹಿಂದಿನದ್ದು ಸತ್ತವರ ಹೆಸರು, ಮುಂದಿನದ್ದು ತಂದೆಯದ್ದು.

ಇಸವಿಯೇ ಸ್ವಲ್ಪ ಕಷ್ಟ. ಅಂಕೆ ಬರೆಯುವುದಿಲ್ಲ, ಅಕ್ಷರಗಳೇ ಅಂಕೆ. ಕಟಪಯಾದಿ ಗೊತ್ತಿದ್ದವರಿಗೆ ಇದು ಹೊಸದೇನಲ್ಲ, ಆದರೆ ಇಲ್ಲಿ ಅಕ್ಷರಗಳ ಬೆಲೆ ಕೂಡಿಸಿಬಿಟ್ಟರೆ ಆಯಿತು. ಒಂದು ಉದಾಹರಣೆ. ತಾವ್, ಶಿನ್, ಹೇತ್ ಅಂತ ಇದೆ ಅಂದುಕೊಳ್ಳಿ. ತಾವ್ 400, ಶಿನ್ 300, ಹೇತ್ 8. ಒಟ್ಟು 708. ಸಾವಿರದ ಸ್ಥಾನದ 5 ಬರೆದಿರುವುದಿಲ್ಲ, ಅದು 5708. ನಮಗೆ ಬೇಕಾದ ಇಸವಿಗೆ 708ಕ್ಕೆ 1240 ಕೂಡಿಸಿ. 1948. ಶಕ ವರ್ಷಕ್ಕೆ 78 ಕೂಡಿಸುತ್ತೇವಲ್ಲ, ಹಾಗೆ. ಅವರ ಹೊಸ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಶುರು, ಹಾಗಾಗಿ ವರ್ಷದ ಮೊದಲ ತಿಂಗಳುಗಳು ಬಿದ್ದರೆ ಒಂದು ಕಳೆಯಬೇಕು. ತಾರೀಖು 15 ಮತ್ತು 16ನ್ನು 10ರ ಜೊತೆ 5, 6 ಸೇರಿಸಿ ಬರೆಯುವುದಿಲ್ಲ, ಅದು ದೇವರ ಹೆಸರಿನ ಅಕ್ಷರಗಳಾಗಿಬಿಡುತ್ತವೆ ಅಂತ. 9 ಮತ್ತು 6, 9 ಮತ್ತು 7 ಅಂತ ಬರೆಯುತ್ತಾರೆ. ಮರಾಠಿಯಲ್ಲಿ ಇಂಗ್ಲಿಷ್ ತಾರೀಖು ಇದ್ದರೆ ಎರಡನ್ನೂ ತಾಳೆ ನೋಡಿ. ತಾಳೆಯಾಗದಿದ್ದರೆ ಎರಡನ್ನೂ ಇದ್ದ ಹಾಗೇ ಬರೆದಿಡಿ, ತಿದ್ದಲು ಹೋಗಬೇಡಿ.

ದೂರದೂರು

ಹೀಬ್ರೂ ಫೋಟೋ ಕಳಿಸಿ, ನಾನು ಇಲ್ಲಿ ಓದಿಸುತ್ತೇನೆ. ಈಗ ನಾನಿರುವ ಮನೆಯ ಯಜಮಾನರು ಶಾಲಾ ಮೇಷ್ಟ್ರಾಗಿದ್ದವರು, ವಯಸ್ಸಾದರೂ ಕಣ್ಣು ಚುರುಕು. ನಿನ್ನೆ ಈ ವಿಷಯ ಹೇಳಿದೆ. ‘ಯಾವಾಗ ಬರುತ್ತವೆ ಫೋಟೋ’ ಅಂತ ಬೆಳಿಗ್ಗೆಯೇ ಕೇಳಿದರು.

ಮಲೆನಾಡ ಮಳೆ

ಕಲ್ಲು ತೊಳೆಯುವ ವಿಷಯಕ್ಕೆ ಎಚ್ಚರಿಕೆ. ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ಹಿಟ್ಟು ಉಜ್ಜುವವರನ್ನು ನೋಡಿದ್ದೇನೆ. ಬೇಡವೇ ಬೇಡ. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪೌಡರ್ ಹತ್ತಿರವೂ ತರಬೇಡಿ. ಕಡಲ ಗಾಳಿಯ ಉಪ್ಪು ತಿಂದ ಕಲ್ಲಿನ ಮೇಲ್ಪದರ ಸಡಿಲಾಗಿರುತ್ತದೆ. ಉಜ್ಜಿದರೆ ಅಕ್ಷರವೂ ಸೇರಿಯೇ ಎದ್ದು ಬರುತ್ತದೆ. ಬರೀ ನೀರು, ಮೆತ್ತಗಿನ ನಾರಿನ ಬ್ರಷ್, ಅಷ್ಟೇ. ಬೆರಳಿನಿಂದ ಮುಟ್ಟಿದರೆ ಪುಡಿ ಉದುರುವ ಕಲ್ಲಾದರೆ ಅದನ್ನೂ ಮಾಡಬೇಡಿ.

ಓದಲು ಬೇಕಾದ್ದು ಬೆಳಕು. ಬೆಳಿಗ್ಗೆ ಏಳೆಂಟು ಗಂಟೆಗೆ ಅಥವಾ ಸಂಜೆ, ಬಿಸಿಲು ಪಕ್ಕದಿಂದ ಬೀಳುವಾಗ ಫೋಟೋ ತೆಗೆಯಿರಿ. ನೆರಳಿನಲ್ಲಿರುವ ಕಲ್ಲಿಗೆ ಒಂದು ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬಿಡಿ. ನೆಟ್ಟಗೆ ನೋಡಿದಾಗ ಏನೂ ಇಲ್ಲ ಅನ್ನಿಸಿದ ಕಲ್ಲಿನ ಮೇಲೆ ಸಾಲು ಸಾಲು ಅಕ್ಷರ ಏಳುತ್ತವೆ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸುವ ಉತ್ಸಾಹ ಬೇಡ, ಎಲ್ಲಿ ಬಿದ್ದಿದೆಯೋ ಅಲ್ಲೇ ಇರಲಿ. ಗೋಡೆಗೆ, ಗೋರಿಗೆ ಅರಳಿ ಸಸಿ ಹತ್ತಿದ್ದರೆ ಕಿತ್ತು ಎಳೆಯಬೇಡಿ, ಬುಡದಲ್ಲಿ ಕತ್ತರಿಸಿ ಬಿಡಿ.

ಪಟ್ಟಣದ ಹೈದ

ನಾನೂ ಬರಬೇಕು ಅಂತಿದ್ದೇನೆ. ಹೊರಗಿನವರು ಒಳಗೆ ಹೋಗಬಹುದಾ? ಏನಾದರೂ ನಿಯಮ ಇದೆಯಾ? ಬೆಂಗಳೂರಿನ ಮೈಸೂರು ರಸ್ತೆಯಲ್ಲೂ 1904ರ ಯೆಹೂದಿ ಸ್ಮಶಾನ ಇದೆ ಅಂತ ಕೇಳಿದ್ದೇನೆ, ಮೊದಲು ಅಲ್ಲಿ ಅಭ್ಯಾಸ ಮಾಡಬಹುದೇನೋ.

ಕಡಲತಡಿ

ಬೆಂಗಳೂರಿನದು ಚಿಕ್ಕದು, ಕಾಂಪೌಂಡ್ ಇದೆ, ಅಕ್ಷರ ಓದಿ ಅಭ್ಯಾಸ ಮಾಡಲು ಒಳ್ಳೇ ಜಾಗ. ಅಲ್ಲೂ ಅನುಮತಿ ಕೇಳಿಯೇ ಹೋಗಿ.

ನವಗಾಂವ್‌ಗೆ ಹೋಗುವ ಮುಂಚೆ ಅಲಿಬಾಗಿನ ಸಿನಗಾಗಿನವರನ್ನು ಕಾಣೋಣ. ‘ಇಸ್ರೇಲ್ ಆಳಿ’ ಅಂತ ಕೇಳಿದರೆ ಬೀದಿ ತೋರಿಸುತ್ತಾರೆ. ನಾವು ಏನು ಮಾಡುತ್ತೇವೆ ಅಂತ ಹೇಳಿ, ಅವರು ಹೂಂ ಅಂದರೆ ಮಾತ್ರ ಮುಂದಿನ ಕೆಲಸ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಹೋಗಬಾರದು, ಅವರ ಹಬ್ಬದ ದಿನಗಳಲ್ಲೂ ಬೇಡ. ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಟೋಪಿ ಅಥವಾ ಕರವಸ್ತ್ರ ಸಾಕು. ಗೋರಿಯ ಮೇಲೆ ಕೂರುವುದು, ಚೀಲ ಇಡುವುದು, ಅಲ್ಲೇ ಊಟ ಮಾಡುವುದು ಬೇಡ. ಡ್ರೋನ್ ತರುತ್ತೇನೆ ಅಂದವರೊಬ್ಬರು ಮೆಸೇಜ್ ಮಾಡಿದ್ದರು, ದಯವಿಟ್ಟು ಬೇಡ.

ಪಟ್ಟಿ ಸಿದ್ಧವಾದ ಮೇಲೆ ಅದರ ಪ್ರತಿ ಮೊದಲು ಸಿನಗಾಗಿಗೆ, ಇನ್ನೊಂದು ನವಗಾಂವ್ ಪಂಚಾಯತಿಗೆ. ನಮ್ಮ ಹತ್ತಿರ ಇರುವುದು ಮೂರನೇದು. ಈಚಿನ ಗೋರಿಗಳ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೋ ಬೇಡವೋ ಅಂತ ಅವರ ಮನೆಯವರೇ ಹೇಳಬೇಕು.

ಗಡಿನಾಡ ಹುಡುಗಿ

ಪಟ್ಟಿ ಮರಾಠಿ, ಹೀಬ್ರೂ, ಇಂಗ್ಲಿಷ್ ಮೂರರಲ್ಲೂ ಇರಲಿ. ಅಡ್ಡಹೆಸರನ್ನು ಕಲ್ಲಿನ ಮೇಲೆ ಹೇಗಿದೆಯೋ ಹಾಗೇ ಬರೆಯೋಣ, ಈಗಿನ ಕಾಗುಣಿತಕ್ಕೆ ತಿದ್ದುವುದು ಬೇಡ. ಕಾಲಂ ಹಾಕಿ ನಾನು ಒಂದು ಹಾಳೆ ಮಾಡುತ್ತಿದ್ದೇನೆ: ಕಲ್ಲಿನ ನಂಬರ್, ಎರಡು ಅಳತೆ, ಹೀಬ್ರೂ ಬರಹ, ಮರಾಠಿ ಬರಹ, ಹೆಸರು, ತಂದೆ ಅಥವಾ ಗಂಡ, ಊರು, ದಿನ, ಕಲ್ಲಿನ ಸ್ಥಿತಿ, ಫೋಟೋ ನಂಬರ್. ಬರಹ ಇಲ್ಲದ ಕಲ್ಲಿಗೆ ‘ಬರಹವಿಲ್ಲ’ ಅಂತಲೇ ಬರೆಯಬೇಕು, ಖಾಲಿ ಬಿಡಬಾರದು. ಇನ್ನೇನಾದರೂ ಸೇರಿಸಬೇಕಾ ಹೇಳಿ.

ಹಳೆಗಲ್ಲು

‘ಓದಿದವರು ಯಾರು, ಯಾವತ್ತು’ ಅಂತ ಒಂದು ಕಾಲಂ ಸೇರಿಸಿ. ಅಕ್ಷರದ ಬಗ್ಗೆ ಅನುಮಾನ ಇದ್ದ ಕಡೆ ಚೌಕ ಕಂಸ ಹಾಕಿ, ಶಾಸನದ ಪಾಠದಲ್ಲಿ ಮಾಡುವ ಹಾಗೆ. ಮಳೆ ನಿಂತು ಹುಲ್ಲು ಒಣಗಲಿ, ಡಿಸೆಂಬರ್ ಒಳ್ಳೇ ಸಮಯ. ಬಿಸಿಲೂ ಓರೆಯಾಗಿರುತ್ತದೆ.

ದೂರದೂರು

ನನಗೆ ಡಿಸೆಂಬರಿನಲ್ಲಿ ರಜೆ ಸಿಗುವುದಿಲ್ಲ. ಕಡಲತಡಿಯವರಿಗೆ ಆ ಅಜ್ಜಿಯ ಅಜ್ಜನ ಹೆಸರು, ಊರು ಖಾಸಗಿಯಾಗಿ ಕಳಿಸಿದ್ದೇನೆ, ಅವರ ಮಗಳನ್ನು ಕೇಳಿಯೇ ಕಳಿಸಿದ್ದು. ನವಗಾಂವ್‌ನಲ್ಲೇ ಇದೆಯೋ ಪಕ್ಕದ ಊರಲ್ಲೋ ಅವರಿಗೂ ಖಚಿತವಿಲ್ಲ. ಸಿಕ್ಕರೆ ಕಾಮಕಸ್ತೂರಿ ಕಡ್ಡಿ ಒಂದನ್ನು ಇಡಲು ಮಗಳು ಕೇಳಿಕೊಂಡಿದ್ದಾರೆ.

ಕಡಲತಡಿ

ಬಂತು ಅಕ್ಕಾ. ಅಡ್ಡಹೆಸರು ನೋಡಿದರೆ ಪೇಣ್ ಕಡೆಯವರು, ಹಾಗಾಗಿ ಪೇಣ್ ಸ್ಮಶಾನವನ್ನೂ ನೋಡುತ್ತೇವೆ. ಬಯಲುಸೀಮೆಯವರೇ, ಮೂವತ್ತು ಮೀಟರಿನ ಟೇಪ್ ನಿಮ್ಮದೇ ತರುತ್ತೀರಾ, ಇಲ್ಲಿ ತೆಗೆದುಕೊಳ್ಳಲಾ?